ಆ್ಯಪ್ ಕಳಿಸಿದ ಅತಿಥಿ ಯಾರ ಅತಿಥಿ? ನಂದಿಯ ತಪ್ಪಲಲ್ಲಿ ಎರಡು ಕೋಣೆ ನಡೆಸಿದ ನನ್ನ ಅನುಭವ

ಪ್ರವಾಸಿಗರಿಗೆ ದಿನಬಾಡಿಗೆಯ ಕೋಣೆ ಬುಕ್ ಮಾಡಿಕೊಡುವ ಆ್ಯಪ್‌ಗೆ ಮನೆ ಹಾಕೋದು ಒಂದು ಸಂಜೆಯ ಕೆಲಸ. ಫೋಟೊ ತೆಗೆದು, ದರ ಬರೆದು, ಬ್ಯಾಂಕ್ ಖಾತೆ ಸೇರಿಸಿ, ಕೊನೆಗೆ 'ಒಪ್ಪಿದೆ' ಅಂತ ಒತ್ತಿದರೆ ಆಯಿತು. ಚಿಕ್ಕಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿಯ ಮನೆ ಮುಂಬೈನವರ ಫೋನಿನಲ್ಲೂ ಕಾಣಿಸುತ್ತದೆ. ಒತ್ತುವ ಮುಂಚೆ ಮಾರುದ್ದದ ಕರಾರೊಂದು ತೆರೆದುಕೊಳ್ಳುತ್ತದಲ್ಲ, ಅದನ್ನು ಓದುವವರು ಕಡಿಮೆ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆದು ಅಭ್ಯಾಸವಿರುವವಳು ನಾನು; ಸಣ್ಣಕ್ಷರ ಕಂಡರೆ ಓದದೆ ಬಿಡುವುದಿಲ್ಲ. ಅದರಲ್ಲಿದ್ದ ತಿರುಳು ಇಷ್ಟು: ನಾವು ಇಬ್ಬರನ್ನು ಭೇಟಿ ಮಾಡಿಸುವವರು ಮಾತ್ರ, ಸ್ಥಳೀಯ ಕಾನೂನು, ಪರವಾನಗಿ, ತೆರಿಗೆ, ಬಂದವರ ಸುರಕ್ಷತೆ ಎಲ್ಲವೂ ಮನೆಯವರ ಹೊಣೆ.

ಹಾಗಾದರೆ ಛತ್ರ ನಡೆಸುತ್ತಿರುವವರು ಯಾರು? ಅವರೋ, ನಾನೋ?

ಈ ಪ್ರಶ್ನೆಗೆ ಯುರೋಪಿನ ದೊಡ್ಡ ನ್ಯಾಯಾಲಯವೇ ಎರಡು ಸಲ ಎರಡು ಥರ ಉತ್ತರ ಕೊಟ್ಟಿದೆ. 2017ರ ಡಿಸೆಂಬರಿನಲ್ಲಿ ಊಬರ್ ಪ್ರಕರಣದಲ್ಲಿ, ನೀವು ಬರೀ ಆ್ಯಪ್ ಅಲ್ಲ, ಸಾರಿಗೆ ಸೇವೆಯನ್ನೇ ಕೊಡುತ್ತಿದ್ದೀರಿ ಅಂದಿತು. ದರ ಗೊತ್ತು ಮಾಡುವವರು, ಡ್ರೈವರ್ ಹೇಗಿರಬೇಕೆಂದು ಹೇಳುವವರು ಅವರೇ ಅನ್ನುವುದು ಕಾರಣ. ಎರಡು ವರ್ಷ ಬಿಟ್ಟು, 2019ರ ಡಿಸೆಂಬರಿನಲ್ಲಿ ಕೋಣೆ ಬಾಡಿಗೆಯ ಆ್ಯಪ್ ಏರ್‌ಬಿಎನ್‌ಬಿಗೆ, ನೀವು ಮಾಹಿತಿ ಸೇವೆಯವರು, ಮನೆ ಬಾಡಿಗೆಗೆ ಕೊಡುವ ದಲ್ಲಾಳಿಗಳ ಲೈಸೆನ್ಸ್ ನಿಮಗೆ ಬೇಕಿಲ್ಲ ಅಂದಿತು. ಅಲ್ಲಿ ಬಾಡಿಗೆ ಎಷ್ಟೆಂದು ಗೊತ್ತು ಮಾಡುವವರು ಮನೆಯವರು. ನನ್ನ ಮಟ್ಟಿಗೆ ಇದು ಸರಿಯಾದ ಅಳತೆಗೋಲು. ಶನಿವಾರದ ದರ ಎಷ್ಟು, ಮದುವೆ ಸೀಸನ್ನಿನಲ್ಲಿ ಎಷ್ಟು ಅಂತ ನಾನೇ ಹಾಕುತ್ತೇನೆ. ಆ್ಯಪ್ 'ಇನ್ನೂ ಕಡಿಮೆ ಮಾಡಿ' ಅಂತ ದಿನಾ ಪೀಡಿಸುತ್ತದೆ, ಅದು ಬೇರೆ ಮಾತು.

ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಜಿಎಸ್‌ಟಿಯವರ ಕಣ್ಣಿಗೆ ಆ್ಯಪ್ಪೇ ಛತ್ರದವರು. ಪೊಲೀಸರ ಕಣ್ಣಿಗೆ ನಾನು. ಗ್ರಾಹಕರ ಆಯೋಗಕ್ಕೆ ಹೋದರೆ ಇಬ್ಬರೂ. ಇದು ಹೊಳೆದ ಮೇಲೆ ನನ್ನ ಕೆಲಸ ಸಲೀಸಾಯಿತು. ಯಾವ ಕಚೇರಿಗೆ ಹೋದರೂ ಮೊದಲು ಕೇಳಿಕೊಳ್ಳುತ್ತಿದ್ದದ್ದು ಒಂದೇ: ಇವರ ಲೆಕ್ಕದಲ್ಲಿ ನಾನು ಯಾರು?

ಪಂಚಾಯಿತಿಯಿಂದ ಶುರು ಮಾಡಿದೆ. ನಮ್ಮದು ಗ್ರಾಮಠಾಣದೊಳಗಿನ, ಅಂದರೆ ಊರಿನ ವಾಸದ ಜಾಗದ ಮನೆ; ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ನನ್ನ ಹೆಸರಿಗೇ ಇದೆ. ಅದಿದ್ದದ್ದು ಅರ್ಧ ಕೆಲಸ ಮುಗಿಸಿತು. ನಮ್ಮ ಕಡೆ ಆ್ಯಪ್‌ನಲ್ಲಿ ಕಾಣುವ ಚೆಂದದ ಕಾಟೇಜುಗಳಲ್ಲಿ ಎಷ್ಟೋ ದ್ರಾಕ್ಷಿ ತೋಟದ ನಡುವೆ ಎದ್ದವು. ಸ್ವಂತಕ್ಕೊಂದು ತೋಟದ ಮನೆ ಕಟ್ಟಿಕೊಳ್ಳುವುದು ಬೇರೆ, ಅದೇ ಜಮೀನಿನಲ್ಲಿ ಕಾಟೇಜು ಕಟ್ಟಿ ದಿನದ ಬಾಡಿಗೆಗೆ ಕೊಡುವುದು ಬೇರೆ. ಎರಡನೆಯದಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಜಮೀನು ಪರಿವರ್ತನೆ ಆಗಬೇಕು. ಆ್ಯಪ್ ಇದನ್ನು ಯಾವತ್ತೂ ಕೇಳುವುದಿಲ್ಲ. ಪಹಣಿಯಲ್ಲಿ 'ದ್ರಾಕ್ಷಿ' ಅಂತಿದ್ದರೂ ಅದರ ಪುಟದಲ್ಲಿ 'ಪ್ರಕೃತಿಯ ಮಡಿಲಲ್ಲಿ ವಿಲ್ಲಾ' ಅಂತ ಬರುತ್ತದೆ. ಯಾರಾದರೂ ದೂರು ಕೊಟ್ಟ ದಿನ ಉತ್ತರ ಕೊಡಬೇಕಾದವರು ತೋಟದವರು.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಪಿಡಿಒ ಅವರಿಗೆ 'ಹೋಮ್‌ಸ್ಟೇ' ಅಂದರೆ ತಕರಾರಿರಲಿಲ್ಲ, ಆದರೆ 'ಆ್ಯಪ್' ಅಂದದ್ದೇ ಅನುಮಾನ ಬಂತು. "ಲಾಡ್ಜ್ ಮಾಡ್ತೀರೇನಮ್ಮಾ?" ಅಂದರು. "ಇಲ್ಲ ಸಾರ್, ಕೆಳಗಡೆ ನಾವೇ ಇರ್ತೀವಿ, ಮೇಲೆ ಎರಡು ರೂಮು" ಅಂದೆ. ಈ 'ನಾವೇ ಇರ್ತೀವಿ' ಅನ್ನುವ ಮಾತಿನ ಮೇಲೆ ಬಹಳಷ್ಟು ನಿಂತಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಹನ್ನೆರಡು ಹಾಸಿಗೆ ಮಿತಿ. ಮಾಲೀಕರ ಸಂಸಾರ ಅಲ್ಲೇ ವಾಸವಿರಬೇಕು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಜಾರಿ ಮಾಡುತ್ತಿರುವ ನಿಯಮವೂ ಇದೇ ದಾರಿಯದು: ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ಮನೆಯವರು ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಸೇರಿಸುವಂತಿಲ್ಲ, ನೋಂದಣಿ ಇಲ್ಲದ ಮನೆಯ ಬುಕಿಂಗನ್ನು ಆ್ಯಪ್ ತೆಗೆದುಕೊಳ್ಳುವಂತಿಲ್ಲ. ಕೊನೆಯ ಮಾತು ನಮ್ಮಲ್ಲೂ ಬರಬೇಕು ಅಂತ ನನಗನ್ನಿಸುತ್ತದೆ. ನೋಂದಣಿ ಮಾಡಿಸಿದ ನಾನೂ, ಏನೂ ಮಾಡಿಸದೆ ಬೀಗದ ಕೈ ಹೂಕುಂಡದ ಕೆಳಗಿಟ್ಟು ಬೆಂಗಳೂರಲ್ಲೇ ಕೂತವರೂ ಆ್ಯಪ್‌ನಲ್ಲಿ ಅಕ್ಕಪಕ್ಕ ಒಂದೇ ಥರ ಕಾಣುತ್ತೇವೆ. ಅವರ ದರ ನನ್ನದಕ್ಕಿಂತ ಇನ್ನೂರು ಕಡಿಮೆ.

ಪಂಚಾಯಿತಿಯ ನಿರಾಕ್ಷೇಪಣಾ ಪತ್ರ, ಪೊಲೀಸ್ ಠಾಣೆಯದು, ಖಾತೆ, ಕೋಣೆಗಳ ಫೋಟೊ ಇವಿಷ್ಟನ್ನು ಜೋಡಿಸಿ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಹಾಕಿದೆ. ರಾಜ್ಯದಲ್ಲಿ ಪ್ರವಾಸೋದ್ಯಮ ವ್ಯವಹಾರಕ್ಕೆ ಅಂತಲೇ 2015ರ ಕಾಯ್ದೆಯೊಂದಿದೆ. ಓಡಾಟದ ಕಥೆ ಬೇಡ. ಸರ್ಕಾರಿ ಕಚೇರಿ ಕಂಡವರಿಗೆಲ್ಲ ಗೊತ್ತಿರುವುದೇ. ಒಂದು ಮಾತು ಮಾತ್ರ ಹೇಳುತ್ತೇನೆ: ಎಲ್ಲ ಕಾಗದದಲ್ಲೂ ಒಂದೇ ಹೆಸರಿರಲಿ. ಖಾತೆ ಮಾವನ ಹೆಸರಲ್ಲಿ, ಆ್ಯಪ್ ಮಗನ ಹೆಸರಲ್ಲಿ, ಬ್ಯಾಂಕ್ ಖಾತೆ ಸೊಸೆಯ ಹೆಸರಲ್ಲಿ ಇದ್ದರೆ ಪ್ರತಿ ಮೇಜಿನಲ್ಲೂ ಒಂದು ಪ್ರಮಾಣಪತ್ರ ಕೇಳುತ್ತಾರೆ.

ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ನೂರು ರೂಪಾಯಿ ಶುಲ್ಕ. ಮುದ್ದೆ, ಬಸ್ಸಾರು, ಅವರೆ ಕಾಲದಲ್ಲಿ ಹಿತಕಿದ ಬೇಳೆ ಸಾರು, ಇಷ್ಟೇ ನಮ್ಮ ಮೆನು. ಪನೀರ್ ಬಟರ್ ಮಸಾಲ ಕೇಳುವವರಿಗೆ ಹೈವೇ ಕಡೆ ಕೈ ತೋರಿಸುತ್ತೇನೆ.

ಈಗ ಜಿಎಸ್‌ಟಿ. ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ, ನಿಜಕ್ಕೂ ಕಾನೂನು ಸ್ಪಷ್ಟವಾಗಿರುವುದೂ ಇಲ್ಲೇ. ಕೇಂದ್ರ ಜಿಎಸ್‌ಟಿ ಕಾಯ್ದೆಯ 9ನೇ ಕಲಮಿನ 5ನೇ ಉಪಕಲಮು ಕೆಲವು ಸೇವೆಗಳಲ್ಲಿ ಆ್ಯಪ್‌ನವರನ್ನೇ ಸೇವೆ ಕೊಟ್ಟವರು ಎಂದು ಭಾವಿಸಿ ತೆರಿಗೆ ಕಟ್ಟಿಸುತ್ತದೆ. 2017ರ ಜೂನಿನ ಅಧಿಸೂಚನೆಯಲ್ಲೇ ಟ್ಯಾಕ್ಸಿಯ ಜೊತೆ ಹೋಟೆಲು, ಅತಿಥಿಗೃಹ, ತಂಗುವ ಜಾಗಗಳೂ ಆ ಪಟ್ಟಿಗೆ ಸೇರಿವೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು ನೋಂದಣಿಯ ಮಿತಿಯೊಳಗಿದ್ದರೆ, ಅಂದರೆ 20 ಲಕ್ಷ ದಾಟದಿದ್ದರೆ, ಜಿಎಸ್‌ಟಿಯನ್ನು ಆ್ಯಪ್ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತದೆ. ನಾನು ನೋಂದಣಿ ಮಾಡಿಸಬೇಕಿಲ್ಲ. ಆ್ಯಪ್ ಮೂಲಕ ಮಾರುವವರು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಅನ್ನುವ ನಿಯಮವೊಂದು ಮೊದಲಿತ್ತು. ಈ ಪಟ್ಟಿಯ ಸೇವೆಗಳು ಅದರಲ್ಲಿ ಸೇರಿರಲಿಲ್ಲ; ಬೇರೆ ಸಣ್ಣ ಸೇವಾದಾರರಿಗೂ ಅದರಿಂದ 2017ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ಈಗಲೂ ಕೆಲವರು ಆ ಹಳೇ ನಿಯಮ ತೋರಿಸಿ, 'ಮೊದಲು ಜಿಎಸ್‌ಟಿ ನಂಬರ್ ತಗೊಳಿ' ಅನ್ನುತ್ತಾರೆ. ಬೇಡದ ನಂಬರ್ ತೆಗೆದುಕೊಂಡರೆ ಬುಕಿಂಗ್ ಇರಲಿ ಬಿಡಲಿ, ರಿಟರ್ನ್ ಹಾಕುವುದು ಮಾತ್ರ ತಪ್ಪುವುದಿಲ್ಲ.

ದರದ ವಿಷಯ. ದಿನಕ್ಕೆ ಸಾವಿರದೊಳಗಿನ ಕೋಣೆಗೆ ಹಿಂದೆ ತೆರಿಗೆ ಇರಲಿಲ್ಲ. 2022ರ ಜುಲೈ 18ರಿಂದ ಅದು ಹೋಗಿ 12 ಪರ್ಸೆಂಟ್ ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ 5 ಪರ್ಸೆಂಟ್ ಆಗಿದೆ, ಅದಕ್ಕೆ ಮೇಲ್ಪಟ್ಟರೆ 18. ಬೆಂಗಳೂರಿನ ಕಂಪನಿಯವರು ಬಂದು, "ಮೇಡಂ, ಜಿಎಸ್‌ಟಿ ಬಿಲ್ ಕೊಡಿ" ಅಂದರೆ ನಾನು ಕೊಡುವಂತಿಲ್ಲ. ಆ್ಯಪ್‌ನಿಂದಲೇ ತೆಗೆದುಕೊಳ್ಳಿ ಅನ್ನುತ್ತೇನೆ. ಫೋನ್ ಮಾಡಿ ನೇರವಾಗಿ ಬರುವವರಿಂದ ಜಿಎಸ್‌ಟಿ ಹೆಸರಲ್ಲಿ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ, ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡಿದರೆ ಅದೇ ತಪ್ಪು. 20 ಲಕ್ಷದ ಲೆಕ್ಕಕ್ಕೆ ಆ್ಯಪ್ ಬುಕಿಂಗು, ಫೋನ್ ಬುಕಿಂಗು, ಅದೇ ಪ್ಯಾನ್‌ನಲ್ಲಿರುವ ಬೇರೆ ವ್ಯಾಪಾರ ಎಲ್ಲವೂ ಸೇರುತ್ತದೆ. ನಮ್ಮ ಮನೆಯವರ ಗೊಬ್ಬರದ ಅಂಗಡಿ ಅವರ ಪ್ಯಾನ್‌ನಲ್ಲಿದೆ, ಕೋಣೆಗಳು ನನ್ನ ಪ್ಯಾನ್‌ನಲ್ಲಿವೆ. ಮನೆ ನನ್ನ ಹೆಸರಲ್ಲಿರುವುದರಿಂದ ಇದರಲ್ಲಿ ಮರೆಮಾಚುವಂಥದ್ದೇನಿಲ್ಲ.

ಆದಾಯ ತೆರಿಗೆಯಲ್ಲಿ ಕಥೆ ತಿರುಗುತ್ತದೆ. ಅಲ್ಲಿ ಆ್ಯಪ್ ಬರೀ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಹಿಡಿಯುವವರು; ದುಡಿಮೆ ನನ್ನದು. 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದ, 1961ರ ಆದಾಯ ತೆರಿಗೆ ಕಾಯ್ದೆಯ 194-ಒ ಕಲಮಿನಲ್ಲಿ 1 ಪರ್ಸೆಂಟ್ ಹಿಡಿಯುತ್ತಿದ್ದರು, 2024ರ ಅಕ್ಟೋಬರಿನಿಂದ 0.1 ಆಯಿತು. ವರ್ಷಕ್ಕೆ ಒಂದು ಆ್ಯಪ್‌ನಿಂದ ಐದು ಲಕ್ಷ ದಾಟದ ವ್ಯಕ್ತಿಗಳಿಗೆ, ಪ್ಯಾನ್ ಇಲ್ಲವೇ ಆಧಾರ್ ಕೊಟ್ಟಿದ್ದರೆ, ಹಿಡಿಯುವಂತಿಲ್ಲ. ಏನೂ ಕೊಡದಿದ್ದರೆ 5 ಪರ್ಸೆಂಟ್. ಪಕ್ಕದ ಊರಿನ ಒಬ್ಬರಿಗೆ ಹೀಗಾಗಿ, ಆ್ಯಪ್‌ನವರು ಮೋಸ ಮಾಡಿದರು ಅಂತ ಕೂಗಾಡುತ್ತಿದ್ದರು.

ಇಲ್ಲಿ ಗಮನಿಸಬೇಕಾದದ್ದು ಒಟ್ಟು ಮೊತ್ತ ಮತ್ತು ಕೈಗೆ ಬಂದ ಮೊತ್ತದ ವ್ಯತ್ಯಾಸ. ಅತಿಥಿ ಮೂರು ಸಾವಿರದ ಬಾಡಿಗೆ ಕೊಟ್ಟರೆ ಕಮಿಷನ್, ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಕಳೆದು ಉಳಿದದ್ದು ನನ್ನ ಬ್ಯಾಂಕಿಗೆ ಬರುತ್ತದೆ. ಕಾನೂನಿನ ಲೆಕ್ಕದಲ್ಲಿ ನನ್ನ ವಹಿವಾಟು ಮೂರು ಸಾವಿರವೇ. ಟಿಡಿಎಸ್ ಹಿಡಿದಿದ್ದರೆ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲೂ ಒಟ್ಟು ಮೊತ್ತವೇ ಕಾಣುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡಿ ರಿಟರ್ನ್ ತುಂಬಿದರೆ ಎರಡೂ ತಾಳೆಯಾಗುವುದಿಲ್ಲ. ಡೇರಿಯಲ್ಲಿ ಹಾಲಿನ ಬಟವಾಡೆ ಬರೆಯುವಾಗಲೂ ಹೀಗೆಯೇ: ರೈತ ಹಾಕಿದ ಹಾಲಿನ ಬಾಬತ್ತು ಒಂದು ಕಾಲಂ, ಹಿಂಡಿಯ ಬಾಬತ್ತು ಮುರಿದುಕೊಂಡದ್ದು ಇನ್ನೊಂದು ಕಾಲಂ. ನಾನು ತಿಂಗಳಿಗೊಮ್ಮೆ ಆ್ಯಪ್‌ನ ಗಳಿಕೆಯ ವರದಿ ಇಳಿಸಿಕೊಂಡು ಒಟ್ಟು, ಕಮಿಷನ್, ಕೈಗೆ ಬಂದದ್ದು ಅಂತ ಬರೆದಿಡುತ್ತೇನೆ. ವ್ಯಾಪಾರದ ಆದಾಯವೆಂದು ತೋರಿಸಿ, 44ಎಡಿ ಕಲಮಿನ ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಹಾಕಿದ್ದೇನೆ. ಬ್ಯಾಂಕಿನ ಮೂಲಕ ಬಂದ ಮೊತ್ತಕ್ಕೆ ಕನಿಷ್ಠ 6 ಪರ್ಸೆಂಟ್, ನಗದಿಗೆ 8 ಪರ್ಸೆಂಟ್ ಲಾಭವೆಂದು ತೋರಿಸಬೇಕು.

ತೆರಿಗೆ ಕಾಗದದ ಮಾತಾಯಿತು. ಬಾಗಿಲಿಗೆ ಬಂದವರ ವಿಷಯ ಅಷ್ಟು ಸುಲಭವಲ್ಲ. ಆ್ಯಪ್‌ನಲ್ಲಿ ಒಬ್ಬರ ಹೆಸರು, ಒಬ್ಬರ ಫೋಟೊ. ಕಾರಿನಿಂದ ಇಳಿಯುವವರು ಐವರು. 'ಆ್ಯಪ್‌ನವರು ವೆರಿಫೈ ಮಾಡಿದಾರಲ್ಲ' ಅನ್ನುತ್ತಾರೆ. ಅವರು ಪರಿಶೀಲಿಸಿದ್ದು ಬುಕ್ ಮಾಡಿದವರನ್ನು. ಪೊಲೀಸರು ಬಂದರೆ ನೋಡುವುದು ನನ್ನ ರಿಜಿಸ್ಟರ್. ಹಾಗಾಗಿ ಬಂದ ಪ್ರತಿಯೊಬ್ಬ ದೊಡ್ಡವರ ಗುರುತಿನ ಚೀಟಿ ನೋಡುತ್ತೇನೆ, ಹೆಸರು, ಊರು, ಗಾಡಿ ನಂಬರ್ ಬರೆಸುತ್ತೇನೆ. ಆಧಾರ್ ಕೊಡುವವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು ಅನ್ನುತ್ತೇನೆ. ಗೇಟಿನಲ್ಲಿ ಒಂದು ಕ್ಯಾಮೆರಾ ಇದೆ, ಅದು ಇದೆ ಅಂತ ಆ್ಯಪ್‌ನಲ್ಲೂ ಬರೆದಿದ್ದೇನೆ. ಒಳಗೆ ಎಲ್ಲೂ ಇಲ್ಲ. ಕೋಣೆಯೊಳಗಿಟ್ಟರೆ ಅದು ಭಾರತೀಯ ನ್ಯಾಯ ಸಂಹಿತೆಯ ಅಪರಾಧದ ಹತ್ತಿರ ಹೋಗುತ್ತದೆ. ಏರ್‌ಬಿಎನ್‌ಬಿಯಂತೂ 2024ರ ಏಪ್ರಿಲ್ ಕೊನೆಯಿಂದ ಮನೆಯೊಳಗಿನ ಕ್ಯಾಮೆರಾವನ್ನು ಜಗತ್ತಿನಲ್ಲೆಲ್ಲ ನಿಷೇಧಿಸಿದೆ.

ಮುದ್ದೇನಹಳ್ಳಿಯ ಆಶ್ರಮಕ್ಕೆ, ಆವಲಗುರ್ಕಿಯ ಆದಿಯೋಗಿ ನೋಡಲು ಬರುವ ವಿದೇಶಿಯರು ನಮ್ಮಲ್ಲಿ ಉಳಿದಿದ್ದಾರೆ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಲಸೆ ಇಲಾಖೆಗೆ ತಿಳಿಸಬೇಕು; ಎಲ್ಲರ ಬಾಯಲ್ಲಿ ಅದು 'ಸಿ ಫಾರಂ'. 1946ರ ವಿದೇಶೀಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ, ತಿಳಿಸುವ ಹೊಣೆ ಮಾತ್ರ ಹಾಗೇ ಮನೆಯವರ ತಲೆ ಮೇಲಿದೆ. ಮೊದಲೇ ಆ ಜಾಲತಾಣದಲ್ಲಿ ಲಾಗಿನ್ ಮಾಡಿಸಿಕೊಂಡಿರಬೇಕು. ಲಾಗಿನ್ ಸಿಗುವವರೆಗೆ ನಾನು ವಿದೇಶಿಯರ ಬುಕಿಂಗ್ ಒಪ್ಪಿಕೊಳ್ಳಲೇ ಇಲ್ಲ.

ಇನ್ನು ಮದುವೆಯಾಗದ ಜೋಡಿಗಳು. ನಂದಿ ಬೆಟ್ಟದ ಸೂರ್ಯೋದಯ ನೋಡಲು ಬರುವವರಲ್ಲಿ ಅವರೇ ಹೆಚ್ಚು, ಇದನ್ನು ಮುಚ್ಚಿಡುವುದೇಕೆ. ನಮ್ಮತ್ತೆ ಮೊದಮೊದಲು, "ತಾಳಿ ಕಾಣ್ಸಲ್ವಲ್ಲೇ" ಅನ್ನುತ್ತಿದ್ದರು. ಊರಲ್ಲೂ ಗುಸುಗುಸು ಇತ್ತು. ಇಬ್ಬರು ವಯಸ್ಕರು ಒಂದೇ ಕೋಣೆಯಲ್ಲಿ ತಂಗಬಾರದು ಅಂತ ಯಾವ ಕಾನೂನೂ ಇಲ್ಲ. ಕೊಯಮತ್ತೂರಿನಲ್ಲಿ ಆನ್‌ಲೈನ್ ಬುಕಿಂಗಿನ ಮೇಲೆ ದಿನಬಾಡಿಗೆಗೆ ಕೊಡುತ್ತಿದ್ದ ಜಾಗವೊಂದಕ್ಕೆ, ಮದುವೆಯಾಗದ ಜೋಡಿ ಇತ್ತು, ಮದ್ಯದ ಬಾಟಲಿ ಸಿಕ್ಕಿತು ಅಂತ ಅಧಿಕಾರಿಗಳು ಬೀಗ ಹಾಕಿದ್ದರು. 2019ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಆ ಬೀಗ ತೆಗೆಸಿತು. ಮದುವೆಯಿಲ್ಲದೆ ಒಟ್ಟಿಗಿರುವುದೇ ಅಪರಾಧವಲ್ಲ ಅಂದಮೇಲೆ ಹೋಟೆಲ್ ಕೋಣೆಯಲ್ಲಿರುವುದು ಹೇಗೆ ಅಪರಾಧವಾಗುತ್ತದೆ ಎಂದು ಕೇಳಿತು. ಆ ತೀರ್ಪು ನಮ್ಮ ರಾಜ್ಯವನ್ನು ಕಟ್ಟಿಹಾಕುವುದಿಲ್ಲ, ಆದರೆ ಠಾಣೆಯಲ್ಲಾಗಲಿ ಊರಲ್ಲಾಗಲಿ ಮಾತು ಬಂದಾಗ ಹೇಳಲು ಒಂದು ಆಧಾರ. ನನ್ನ ಕಟ್ಟುಪಾಡು ಎರಡೇ: ಇಬ್ಬರಿಗೂ ಹದಿನೆಂಟು ತುಂಬಿರಬೇಕು, ಇಬ್ಬರ ಗುರುತಿನ ಚೀಟಿಯೂ ಬೇಕು. ವಯಸ್ಸಿನ ವಿಷಯದಲ್ಲಿ ಅಷ್ಟಿಷ್ಟೂ ಸಡಿಲ ಬಿಡುವುದಿಲ್ಲ, ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಕೂತಿದೆ. ಅತ್ತೆ ಈಗ ಅವರಿಗೇ ಕಾಫಿ ಕಳಿಸುತ್ತಾರೆ, ಪ್ರಶ್ನೆ ಕೇಳುವುದು ಬಿಟ್ಟಿದ್ದಾರೆ.

ಮದ್ಯ ನಾವು ಮಾರುವುದೂ ಇಲ್ಲ, ತರಿಸಿಕೊಡುವುದೂ ಇಲ್ಲ. ಲೈಸೆನ್ಸ್ ಇಲ್ಲದೆ ಅದು ಅಬಕಾರಿ ಅಪರಾಧ. ರಾತ್ರಿ ಹತ್ತಾದರೆ ಸ್ಪೀಕರ್ ಬಂದ್.

ಬೆಟ್ಟಕ್ಕೆ ಕರೆದೊಯ್ಯುವ ವಿಚಾರದಲ್ಲಿ ಮನೆಯಲ್ಲೇ ಜಗಳವಾಯಿತು. ನನ್ನ ತಮ್ಮನ ಹತ್ತಿರ ಬಿಳಿ ಬೋರ್ಡ್ ಕಾರಿದೆ. "ಅಕ್ಕಾ, ಬೆಳಗ್ಗೆ ಐದಕ್ಕೆ ಬೆಟ್ಟಕ್ಕೆ ಬಿಟ್ಟು, ಆಮೇಲೆ ಭೋಗನಂದೀಶ್ವರ, ಆದಿಯೋಗಿ ತೋರಿಸ್ಕೊಂಡು ಬರ್ತೀನಿ, ಸಾವಿರದೈನೂರು ತಗೋತೀನಿ" ಅಂದ. ಆ್ಯಪ್‌ನಲ್ಲಿ 'ಅನುಭವ' ಅಂತ ಅದಕ್ಕೂ ಒಂದು ವಿಭಾಗವಿದೆ. ನಾನು ಬೇಡ ಅಂದೆ. ಬಾಡಿಗೆ ಪಡೆದು ಜನ ಸಾಗಿಸಲು ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಕು. ಏನಾದರೂ ಅಪಘಾತವಾದರೆ, ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದಿರಿ ಅಂತ ವಿಮೆಯವರು ಕೈ ತೊಳೆದುಕೊಳ್ಳಲು ದಾರಿ ನೋಡುತ್ತಾರೆ. ಈಗ ಹಳದಿ ಬೋರ್ಡಿನ ಡ್ರೈವರ್‌ಗಳ ನಂಬರ್ ಕೊಡುತ್ತೇನೆ, ಮಧ್ಯೆ ಕಮಿಷನ್ ಇಟ್ಟುಕೊಳ್ಳುವುದಿಲ್ಲ. ತಮ್ಮ ಸ್ವಲ್ಪ ದಿನ ಮುನಿಸಿಕೊಂಡಿದ್ದ.

ಸ್ಕಂದಗಿರಿ ಚಾರಣಕ್ಕೂ ಅಷ್ಟೇ. ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸದೆ ಹತ್ತುವಂತಿಲ್ಲ. 'ಹಿಂದಿನ ದಾರಿ ತೋರಿಸಿ ಆಂಟಿ' ಅನ್ನುವ ಹುಡುಗರಿಗೆ ದಾರಿ ತೋರಿಸುವುದಿಲ್ಲ. 2025ರ ಮಾರ್ಚಿನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ರಾತ್ರಿ ಕಾಲುವೆ ದಡದಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ, ಅವರನ್ನು ಕರೆದೊಯ್ದಿದ್ದ ಹೋಮ್‌ಸ್ಟೇಯ ಹೆಣ್ಣುಮಗಳ ಮೇಲೆ ನಡೆದ ದಾಳಿಯ ಸುದ್ದಿ ಕೇಳಿದ ಮೇಲೆ, ಕತ್ತಲಲ್ಲಿ ಯಾರನ್ನೂ ಹೊರಗೆ ಕರೆದೊಯ್ಯುವುದಿಲ್ಲ ಅಂತ ನಾವೇ ಬೋರ್ಡ್ ಹಾಕಿದೆವು.

ಜಗಳವಾದರೆ ಯಾರು ಹೊಣೆ ಅನ್ನುವುದೂ ಒಂದು ಸಲ ಮೈಮೇಲೆ ಬಂತು. ನೀರಿನ ಮೋಟರ್ ಸುಟ್ಟ ದಿನ ಉಳಿದಿದ್ದ ಒಬ್ಬರು ಪೂರ್ತಿ ಹಣ ವಾಪಸ್ ಕೊಡಿ, ಇಲ್ಲದಿದ್ದರೆ ಕೇಸ್ ಅಂದರು. ಆ್ಯಪ್‌ನವರು ಮೊದಲು ನನ್ನ ಕಡೆಯಿಂದ ಮುರಿದುಕೊಂಡು ಆಮೇಲೆ ವಿವರ ಕೇಳಿದರು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಆ್ಯಪ್‌ಗಳಿಗೆ ದೂರು ಅಧಿಕಾರಿ ಇರಬೇಕು, ಗ್ರಾಹಕರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಆ ರಕ್ಷಣೆ ಅತಿಥಿಗೆ. ನನಗೆ ಉಳಿದದ್ದು ಕರಾರು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವು ವಾಸವಿರುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಪುಣೆಯವರು ಪುಣೆಯಲ್ಲಿ ಹಾಕಿದರೆ ನಾನು ಅಲ್ಲಿಗೆ ಉತ್ತರ ಕೊಡಬೇಕು. ಆವತ್ತು ಒಂದು ರಾತ್ರಿಯ ಬಾಡಿಗೆ ಬಿಟ್ಟುಕೊಟ್ಟು ರಾಜಿಯಾದೆ. ಈಗ ಬರುವವರ ಜೊತೆ ಮಾತೆಲ್ಲ ಆ್ಯಪ್‌ನ ಸಂದೇಶದಲ್ಲೇ ಆಡುತ್ತೇನೆ, ಕೋಣೆ ಬಿಟ್ಟುಕೊಡುವ ಮುಂಚೆ ಮತ್ತು ಹೋದ ಮೇಲೆ ಫೋಟೊ ತೆಗೆದಿಡುತ್ತೇನೆ. ವಾಟ್ಸಾಪ್‌ನಲ್ಲಿ ಒಪ್ಪಿಕೊಂಡ ಮಾತನ್ನು ಆ್ಯಪ್‌ನವರು ಲೆಕ್ಕಕ್ಕೇ ಹಿಡಿಯಲಿಲ್ಲ.

'ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡ್ತೀವಿ, ನೇರವಾಗಿ ಫೋನ್‌ಪೇ ಮಾಡ್ತೀವಿ, ಕಡಿಮೆ ಮಾಡ್ಕೊಳ್ಳಿ' ಅನ್ನುವವರು ಸದಾ ಇದ್ದಾರೆ. ಆ್ಯಪ್ ಕಳಿಸಿದವರನ್ನು ಹಾಗೆ ತಿರುಗಿಸಿಕೊಳ್ಳುವುದು ಕರಾರಿಗೆ ವಿರುದ್ಧ, ಸಾಮಾನು ಮುರಿದರೆ ಆ್ಯಪ್‌ನವರು ಕೊಡುವ ಪರಿಹಾರವೂ ಹೋಯಿತು. ಆದರೆ ತಾವಾಗಿ ಫೋನ್ ಮಾಡಿ ಬರುವವರಿಗೆ ನನ್ನ ದರ ನನ್ನದು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೊಗೆ 168.88 ಕೋಟಿ ದಂಡ ಹಾಕಿತು. ಬೇರೆಲ್ಲೂ ಇದಕ್ಕಿಂತ ಕಡಿಮೆಗೆ ಕೋಣೆ ಕೊಡಬಾರದು ಅಂತ ಹೋಟೆಲಿನವರಿಗೆ ಕಟ್ಟುಹಾಕುವ ಷರತ್ತನ್ನು ತೆಗೆದುಹಾಕಿ ಅಂತಲೂ ಮೇಕ್‌ಮೈಟ್ರಿಪ್-ಗೋಐಬಿಬೊಗೆ ಹೇಳಿತು. ಅದನ್ನು ಓದಿದ ಮೇಲೆ ನನ್ನ ಕರಾರಿನಲ್ಲಿ ಅಂಥ ಷರತ್ತಿದೆಯೇ ಅಂತ ಹುಡುಕಿದೆ, ಇರಲಿಲ್ಲ. ಈಗ ಎರಡನೇ ಸಲ ಬರುವವರು ನೇರವಾಗಿ ಫೋನ್ ಮಾಡುತ್ತಾರೆ. ಕಮಿಷನ್ ಉಳಿದದ್ದರಲ್ಲಿ ಅರ್ಧ ಅವರಿಗೆ ಬಿಡುತ್ತೇನೆ, ಅರ್ಧ ನನಗೆ. ಅವರಿಗೆ ಬೇರೆ ರಸೀದಿ ಪುಸ್ತಕ, ಬೇರೆ ನಂಬರಿನ ಸರಣಿ. ಠಾಣೆಯ ರಿಜಿಸ್ಟರ್ ಮಾತ್ರ ಇಬ್ಬರಿಗೂ ಒಂದೇ.